ಅಪ್ಪನಿಗೆ ನ್ಯೂರೋಸೈಕಾಲಜಿ ಟೆಸ್ಟ್ ಬರೆದುಕೊಟ್ಟಿದ್ದಾರೆ. ಅದರಲ್ಲಿ ಏನೇನು ಮಾಡಿಸ್ತಾರೆ?

ನಿಮ್ಮ ಅಪ್ಪನಿಗೆ 63 ವರ್ಷ, ಈಚೆಗೆ ಮರೆವು ಜಾಸ್ತಿ, ನರರೋಗದ ಡಾಕ್ಟರು ಈ ಟೆಸ್ಟ್ ಮಾಡಿಸಿ ಅಂದಿದ್ದಾರೆ. ‘ಇದು ಹುಚ್ಚು ಇದೆಯಾ ಅಂತ ನೋಡೋದಾ? ನೋವಾಗುತ್ತಾ?’ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಸೂಜಿ ಇಲ್ಲ, ಮಷೀನ್ ಇಲ್ಲ. ಒಂದು ಮೇಜು, ಪೆನ್ಸಿಲ್, ಸ್ಟಾಪ್‌ವಾಚ್, ಒಂದಷ್ಟು ಹಾಳೆ, ಅಷ್ಟೇ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಆ ಮೇಜಿನ ಈಚೆ ಬದಿ ಕೂರುವವಳು.

ಸೈಕಾಲಜಿ ಟೆಸ್ಟ್ ಅಂದರೆ ಒಂದೇ ಅಲ್ಲ. ಮಕ್ಕಳ ಬುದ್ಧಿಮಟ್ಟ ನೋಡೋದು ಒಂದು. ಶಾಲೆಯವರು ಕಳಿಸುವ ಮಕ್ಕಳಿಗೆ ನಾವು ಮಾಡುವ ಬಿನೆ-ಕಾಮತ್ ಪರೀಕ್ಷೆ ಇದೆಯಲ್ಲ, ಅದನ್ನು ವಿ. ವಿ. ಕಾಮತ್ 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದ್ದರು. ಸ್ವಭಾವ, ಮನಸ್ಸಿನ ಸ್ಥಿತಿ ನೋಡೋದು ಇನ್ನೊಂದು. ಸಿನಿಮಾದಲ್ಲಿ ತೋರಿಸುವ ಶಾಯಿ ಮಚ್ಚೆಯ ಹತ್ತು ಕಾರ್ಡು ಆ ಗುಂಪಿನದು. ನಿಮ್ಮ ಅಪ್ಪನಿಗೆ ಅದರ ಅಗತ್ಯ ಬರಲಿಕ್ಕಿಲ್ಲ.

ಅವರಿಗೆ ಬರೆದಿರುವುದು ಮೆದುಳಿನ ಕೆಲಸ ಹೇಗೆ ನಡೆಯುತ್ತಿದೆ ಅಂತ ನೋಡುವ ಟೆಸ್ಟ್. ಎಂಆರ್‌ಐನಲ್ಲಿ ಮೆದುಳು ಹೇಗಿದೆ ಅಂತ ಕಾಣುತ್ತೆ. ಆದರೆ ಆ ಮೆದುಳು ನಾವು ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುತ್ತಾ, ಚಿಲ್ಲರೆ ಲೆಕ್ಕ ಹಾಕುತ್ತಾ ಅಂತ ತಿಳಿಯಬೇಕಾದರೆ ಕೆಲಸ ಕೊಟ್ಟೇ ನೋಡಬೇಕು.

ಮೊದಲು ಮಾತುಕತೆ. ಓದು, ಉದ್ಯೋಗ, ಬಿಪಿ, ಶುಗರ್, ನಿದ್ದೆ, ಮಾತ್ರೆ ಎಲ್ಲ ಕೇಳುತ್ತೇವೆ. ನಿಮ್ಮನ್ನೂ ಬೇರೆ ಕೂರಿಸಿ ಕೇಳುತ್ತೇವೆ. ಯಾಕೆಂದರೆ ಅಪ್ಪ ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅಂತಾರೆ, ಹೊರಗೆ ಕೂತ ಅಮ್ಮ ‘ಎರಡು ಸಲ ಗ್ಯಾಸ್ ಆರಿಸೋದು ಮರೆತಿದ್ರು’ ಅಂತಾರೆ.

ಆಮೇಲೆ ಒಂದೊಂದೇ ಟೆಸ್ಟ್. ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಬೇಕು, ಹಕ್ಕಿ, ಮೀನು, ಹಾವು ಬಿಟ್ಟು. ‘ಕೆಂಪು’ ಅನ್ನುವ ಪದ ಹಸಿರು ಬಣ್ಣದಲ್ಲಿ ಅಚ್ಚಾಗಿರುತ್ತೆ, ಪದ ಓದದೆ ಬಣ್ಣ ಹೇಳಬೇಕು. ನಿಮ್ಮಂಥವರಿಗೂ ನಾಲಿಗೆ ತೊಡರುತ್ತೆ, ಬೇಕಾದರೆ ಮನೆಯಲ್ಲಿ ಮಾಡಿ ನೋಡಿ. ಚಿತ್ರ ನೋಡಿ ಬರೆಯೋದು, ಸುತ್ತುಗಳೊಳಗಿನ ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಜೋಡಿಸೋದು ಕೂಡ ಇರುತ್ತೆ.

ನನಗೆ ತುಂಬ ಕಥೆ ಹೇಳುವುದು ನೆನಪಿನ ಟೆಸ್ಟ್. ಹದಿನೈದು ಪದ ಓದುತ್ತೇನೆ, ಅವರು ನೆನಪಿದ್ದಷ್ಟು ಹೇಳಬೇಕು. (ಆ ಪದಗಳನ್ನು ಇಲ್ಲಿ ಬರೆಯಲ್ಲ, ಬರೆದರೆ ಟೆಸ್ಟೇ ಕೆಡುತ್ತೆ.) ಇದೇ ಪಟ್ಟಿ ಐದು ಸಲ. ನಡುವೆ ಬೇರೆ ಪದಗಳ ಪಟ್ಟಿ ತಂದು ಗೊಂದಲ ಮಾಡುತ್ತೇವೆ. ಸುಮಾರು ಅರ್ಧ ಗಂಟೆ ಬೇರೆ ಕೆಲಸ ಮಾಡಿಸಿ, ‘ಮೊದಲು ಓದಿದ ಪದಗಳು ಯಾವುವು?’ ಅಂತ ಕೇಳುತ್ತೇವೆ. ಇಬ್ಬರು ಮೂರು ಮೂರೇ ಪದ ಹೇಳಿದರು ಅಂದುಕೊಳ್ಳಿ. ಪಟ್ಟಿಯಲ್ಲಿದ್ದ ಪದ, ಇಲ್ಲದ ಪದ ಎರಡನ್ನೂ ಬೆರೆಸಿ ಕೇಳಿದರೆ ಒಬ್ಬರು ‘ಹ್ಞಾಂ, ಇದಿತ್ತು, ಅದಿರಲಿಲ್ಲ’ ಅಂತ ಗುರುತಿಸಿಬಿಡುತ್ತಾರೆ. ಪದ ಒಳಗಿದೆ, ಹೊರಗೆ ಬರುತ್ತಿಲ್ಲ. ಮನಸ್ಸು ಕುಗ್ಗಿದಾಗ ಎಷ್ಟೋ ಸಲ ಹೀಗಾಗುತ್ತೆ. ಇನ್ನೊಬ್ಬರು ಅಲ್ಲೂ ತಡಕಾಡುತ್ತಾರೆ. ಪದ ಒಳಗೆ ಇಳಿದೇ ಇಲ್ಲ. ಮರೆವಿನ ಕಾಯಿಲೆ ಅಲ್ಜೈಮರ್ ಇರಬಹುದಾ ಅಂತ ಅನುಮಾನ ಬರೋದು ಇಂಥ ಕಡೆ. ಹಾಗಂತ ಇದೊಂದನ್ನೇ ನೋಡಿ ಯಾರೂ ಷರಾ ಬರೆಯಲ್ಲ. ಬೇಸರ, ಚಿಂತೆ ಅಳೆಯುವ ಪ್ರಶ್ನಾವಳಿಯನ್ನೂ ಜೊತೆಗೆ ಮಾಡಿಸೋದು ಅದಕ್ಕೇ.

ಇಲ್ಲಿ ಪಾಸು, ಫೇಲು ಇಲ್ಲ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವ ನಿಮ್ಹಾನ್ಸ್ ಬ್ಯಾಟರಿ (ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಸಿದ್ಧಪಡಿಸಿದ ಇಂಥ ಟೆಸ್ಟ್‌ಗಳ ಕಟ್ಟು) 2004ರಲ್ಲಿ ಬಂದದ್ದು. ಅದರಲ್ಲಿ ವಯಸ್ಸಿಗೆ, ಓದಿಗೆ ತಕ್ಕಂತೆ ಬೇರೆ ಬೇರೆ ಅಳತೆ ಇದೆ, ಓದು ಬರದವರಿಗೂ ಇದೆ. ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೆ ಅವರನ್ನು ಯಾರೂ ಡಿಗ್ರಿ ಮಾಡಿದವರ ಜೊತೆ ಹೋಲಿಸಲ್ಲ.

ಒಮ್ಮೆ ನಾನೇ ಎಡವಿದ್ದೆ. ಒಬ್ಬ ಹಿರಿಯರು ಮೂರು ಸುತ್ತು ಆದರೂ ನಾಲ್ಕು ಪದ ದಾಟಲಿಲ್ಲ. ನಾನು ಮುಖ ಗಂಭೀರ ಮಾಡಿಕೊಂಡು ಬರೆದುಕೊಳ್ಳುತ್ತಿದ್ದೆ. ಕೊನೆಗೆ ಅನುಮಾನ ಬಂದು ‘ಕಿವಿಗೆ ಮಷೀನ್ ಇದೆಯಾ ಯಜಮಾನ್ರೇ?’ ಅಂತ ಕೂಗಿ ಕೇಳಿದೆ. ‘ಇದೆಯಮ್ಮಾ, ಬಸ್ಸಲ್ಲಿ ಕಳೆದುಹೋದೀತು ಅಂತ ಮಗ ಬೀರುವಲ್ಲಿ ಇಡಿಸಿದ್ದಾನೆ’ ಅಂದರು. ಅಂದಿನ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಆದ್ದರಿಂದ ಕನ್ನಡಕ, ಕಿವಿ ಮಷೀನ್ ಮರೆಯಬೇಡಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಲಿ, ತಿಂಡಿ ತಿಂದು ಬರಲಿ. ದಿನದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡು ಮೂರು ಗಂಟೆ ಹಿಡಿಯಬಹುದು, ಸುಸ್ತಾದರೆ ಇನ್ನೊಂದು ದಿನಕ್ಕೆ ಮುಂದುವರಿಸುತ್ತಾರೆ. ಆಟೋದಲ್ಲಿ ಬರುವಾಗ ತಾರೀಖು, ಪ್ರಧಾನಿ ಹೆಸರು ಬಾಯಿಪಾಠ ಮಾಡಿಸಬೇಡಿ. ಮನೆಯವರು ಪ್ರೀತಿಯಿಂದಲೇ ಮಾಡಿಸ್ತಾರೆ, ನಮಗೆ ಮಾತ್ರ ತೊಂದರೆ ಎಲ್ಲಿದೆ ಅಂತಲೇ ಕಾಣದ ಹಾಗಾಗುತ್ತೆ. ರಿಪೋರ್ಟು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತೆ. ಸುಮ್ನೆ ಕವರ್ ಇಸಿದುಕೊಂಡು ಬರಬೇಡಿ, ಕೂರಿಸಿ ಕನ್ನಡದಲ್ಲಿ ವಿವರಿಸಿ ಅಂತ ಕೇಳಿ. ಅಪ್ಪನೂ ಜೊತೆಗಿರಲಿ.