ನಿಮ್ಮ ಮುಳುಗಡೆಯ ಲಿನೋ ನೋಡಿ ಅನ್ನಿಸಿದ್ದು

ಮೇಡಂ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಅಜ್ಜಿಯ ಊರನ್ನು ಲಿನೋದಲ್ಲಿ, ಅಂದರೆ ಲಿನೋಲಿಯಂ ಹಾಳೆ ಕೊರೆದು ಶಾಯಿ ಹಚ್ಚಿ ತೆಗೆಯೋ ಅಚ್ಚಿನಲ್ಲಿ, ಮಾಡಿ ಹಾಕಿದ್ದೀರಿ. "ನಮ್ಮ ಮನೆಯದೇ ಕಥೆ, ಆದರೂ ನೋಡಿದವರೆಲ್ಲ ಪೋಸ್ಟರ್ ಥರ ಇದೆ ಅಂತಾರೆ, ಏನು ಮಾಡಲಿ" ಅಂತ ಕೇಳಿದ್ದೀರಿ. ಎರಡು ದಿನದಿಂದ ಆ ಚಿತ್ರವನ್ನು ಮತ್ತೆ ಮತ್ತೆ ತೆಗೆದು ನೋಡ್ತಾ ಇದ್ದೀನಿ. ಕೊರೆತದಲ್ಲಿ ಕೈ ಕುದುರಿದೆ. ಆದರೆ ಆ ಅಳುವ ಮುಖ, ಮೇಲೆತ್ತಿದ ಕೈ ನಿಮ್ಮಜ್ಜಿಯದಲ್ಲ, ನಾವೆಲ್ಲ ಕಂಡ ಬೇರೆ ಚಿತ್ರಗಳಿಂದ ಬಂದು ಕೂತಿವೆ. ಬಲಮೂಲೆಯಲ್ಲಿ ಚಿಕ್ಕದಾಗಿ ಇಟ್ಟಿದ್ದೀರಲ್ಲ, ಸವೆದ ಹೊಸಿಲು, ಅದೊಂದು ಮಾತ್ರ ನಿಮ್ಮದು ಅನ್ನಿಸಿತು.

ಅಚ್ಚುಚಿತ್ರ, ಶಿಲ್ಪ ಮಾಡಿದ ಬಂಗಾಳದ ಕಲಾವಿದ ಸೋಮನಾಥ್ ಹೋರ್ ಅವರನ್ನು ಒಮ್ಮೆ ನೋಡಿ. 1921ರಲ್ಲಿ, ಈಗ ಬಾಂಗ್ಲಾದೇಶದಲ್ಲಿರೋ ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿದವರು. 1943ರ ಬಂಗಾಳದ ಕ್ಷಾಮದಲ್ಲಿ ಹಸಿದು ಸಾಯುತ್ತಿದ್ದವರ ಎದುರು ಕೂತು ಚಿತ್ರ ಬರೆಯೋದನ್ನು ಅವರಿಗೆ ಹಚ್ಚಿದ್ದು ಇನ್ನೊಬ್ಬ ಕಲಾವಿದ ಚಿತ್ತಪ್ರಸಾದ್. 1946ರಲ್ಲಿ ಗೇಣಿದಾರರು ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ನಮಗೆ ಬೇಕು ಅಂತ ಎದ್ದ ತೇಭಾಗಾ ಹೋರಾಟದಲ್ಲಿ ರಂಗಪುರದ ಹಳ್ಳಿಗಳಿಗೆ ಹೋಗಿ ದಿನಚರಿ ಬರೆದರು, ಸ್ಕೆಚ್ ಮಾಡಿದರು. ಆ ಕಾಲದ ಮರದಚ್ಚುಗಳಲ್ಲಿ ರೈತರಿದ್ದಾರೆ, ಸಭೆಗಳಿವೆ, ಯಾರು ಏನು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ನಿಮ್ಮ ಲಿನೋ ಈಗ ಆ ಹಂತದಲ್ಲಿದೆ. ಅದು ಕಡಿಮೆಯ ಹಂತ ಅಂತ ನಾನು ಹೇಳ್ತಿಲ್ಲ.

ಆಮೇಲೆ 1970ರ ದಶಕದಲ್ಲಿ, ಶಾಂತಿನಿಕೇತನದಲ್ಲಿ ಪಾಠ ಮಾಡ್ತಿದ್ದಾಗ, ಅವರು 'ಗಾಯಗಳು' ಅನ್ನೋ ಸರಣಿ ಮಾಡಿದರು. ಬಿಳಿ ಹಾಳೆ, ಅದರ ಮೇಲೆ ಬಿಳಿಯದೇ ಸೀಳು, ತೂತು, ಉಬ್ಬು. ಮುಖವಿಲ್ಲ, ಶಾಯಿಯೂ ಇಲ್ಲ. ಮಣ್ಣಿನ ಅಥವಾ ಮೇಣದ ಹಲಗೆಯನ್ನು ಚಾಕುವಿನಿಂದ ಸೀಳಿ, ಅದರ ಮೇಲೆ ಸಿಮೆಂಟಿನ ಅಚ್ಚು ಎರಕ ಹೊಯ್ದು, ಆ ಅಚ್ಚಿಗೆ ಕಾಗದದ ತಿರುಳು ಒತ್ತಿ ತೆಗೆದದ್ದು. ಯಾರ ಗಾಯ ಅಂತ ಅಲ್ಲಿ ಬರೆದಿಲ್ಲ. ಕ್ಷಾಮದವರದ್ದಿರಬಹುದು, ವಿಯೆಟ್ನಾಂ ಯುದ್ಧದವರದ್ದಿರಬಹುದು. ಅವರ ಮಾನವೀಯತೆ ಇರೋದು ಅಲ್ಲೇ ಅಂತ ನನಗೆ ಅನ್ನಿಸುತ್ತೆ. ಗಾಯದ ಚಿತ್ರ ಬರೆಯೋದನ್ನು ಬಿಟ್ಟು ಅವರು ಹಲಗೆಗೇ ಗಾಯ ಮಾಡಿದರು. ಕ್ಷಾಮ ಕಂಡು ಅಲ್ಲಿಗೆ ಬರೋಕೆ ಸುಮಾರು 30 ವರ್ಷ ಹಿಡಿಯಿತು.

ಹಾಗಾದರೆ ನಿಮ್ಮಜ್ಜಿಯ ಮನೆಗೆ ಆದದ್ದೇನು? ಅದನ್ನು ಯಾರೂ ಸೀಳಲಿಲ್ಲ. ನೀರು ನಿಂತಿತು, ಮಣ್ಣಿನ ಗೋಡೆ ನೆನೆದು ಕೂತಿತು. ಲಿನೋ ಚಾಕು ಆ ಕೆಲಸ ಮಾಡಲ್ಲ, ನೀರೇ ಮಾಡಬೇಕು.

ಅಂಗೈಯಗಲದ ಜೇಡಿಮಣ್ಣಿನ ಹಲಗೆ ತಟ್ಟಿ, ಹೊಸಿಲನ್ನು ಕೊರೆದು, ಎರಡು ಮೂರು ದಿನ ಒಣಗಿಸಿ. ಹಸಿ ಜೇಡಿ ನೀರಿಗೆ ಸುಲಭವಾಗಿ ಕರಗಲ್ಲ, ಒಣಗಿದ್ದೇ ಕರಗೋದು. ಆಮೇಲೆ ತಟ್ಟೆಯಲ್ಲಿಟ್ಟು ನಿಧಾನ ನೀರು ಬಿಡಿ. ಅಂಚುಗಳು ಕರಗ್ತಾ ಬರುವಾಗ ಕೂತು ನೋಡಬೇಕು. ಎಲ್ಲಿ ಸಾಕು ಅನ್ನೋದು ನಿಮ್ಮ ಕಣ್ಣಿಗೆ ಬಿಟ್ಟದ್ದು. ನೀರನ್ನು ಸ್ಪಂಜಿನಿಂದ ಮೆಲ್ಲಗೆ ಹೀರಿ, ಸುತ್ತ ರಟ್ಟಿನ ಗೋಡೆ ಕಟ್ಟಿ, ಒಂದಿಂಚು ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ಯಿರಿ. ಮನೆಯಲ್ಲಿ ಮಾಡೋರಿಗೆ ಸಿಮೆಂಟಿಗಿಂತ ಇದು ಹಗುರ. ಗಟ್ಟಿಯಾದ ಮೇಲೆ ಮಣ್ಣು ಕೆರೆದು ತೊಳೆದು, ಅಚ್ಚನ್ನು ಒಂದು ವಾರ ಒಣಗಲು ಬಿಡಿ. ತಿರುಳಿಗೆ ಜಲವರ್ಣದ ಹತ್ತಿ ಕಾಗದದ ಚೂರುಗಳನ್ನು ರಾತ್ರಿ ನೆನೆಸಿ, ಒಂದು ಹಿಡಿಗೆ ಜಾರು ತುಂಬ ನೀರು ಹಾಕಿ ಮಿಕ್ಸಿಯಲ್ಲಿ ತಿರುವಿ. ಅಚ್ಚಿನ ಮೇಲೆ ಸುರಿದು, ಸ್ಪಂಜಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಲಿನೋದಂತೆ ಎಡಬಲ ತಿರುಗುತ್ತೆ ಅನ್ನೋ ಯೋಚನೆ ಬೇಡ, ಅಚ್ಚಿನಲ್ಲೊಮ್ಮೆ, ಕಾಗದದಲ್ಲೊಮ್ಮೆ, ಎರಡು ಸಲ ತಿರುಗೋದರಿಂದ ಮಣ್ಣಿನಲ್ಲಿ ಇದ್ದಂತೆಯೇ ಬರುತ್ತೆ.

ಅಮ್ಮನ ಆಪರೇಷನ್ ಆದ ವರ್ಷ ಅವಳ ಹೊಟ್ಟೆಯ ಮೇಲಿನ ಹೊಲಿಗೆ ಗುರುತನ್ನು ನಾನು ಹೀಗೇ ಮಾಡಹೋಗಿ ಎರಡು ಹಾಳೆ ಹರಿದುಕೊಂಡೆ. ಅವಸರಕ್ಕೆ ಅರ್ಧ ಒಣಗಿದ್ದನ್ನೇ ಎಬ್ಬಿಸಿದ್ದೆ. ಮೂರನೆಯದನ್ನು ನಾಲ್ಕು ದಿನ ಮುಟ್ಟಲಿಲ್ಲ. ಅಂಚು ತಾನಾಗಿ ಎದ್ದಿತು. ಅಮ್ಮ ಅದರ ಮೇಲೆ ಬೆರಳಾಡಿಸಿ, "ಇಲ್ಲಿ ಇನ್ನೂ ಜುಮ್ ಅನ್ನುತ್ತೆ" ಅಂದಳು.

ನಿಮ್ಮದು ಒಣಗಿದ ಮೇಲೆ ಫೋಟೋ ಹಾಕಿ. ಬೆಳಕು ಕಿಟಕಿಯ ಕಡೆಯಿಂದ ಓರೆಯಾಗಿ ಬೀಳಲಿ, ಎದುರಿನಿಂದ ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಹಾಳೆ ಕಾಣುತ್ತೆ.