ಕಣ್ಣು ಮುಚ್ಚುವ ದಪ್ಪಕ್ಷರ

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಘಟಕ. ಸೊಂಟಪಟ್ಟಿಯ ಲೇಬಲ್ಲಿಗೆ ಕೂಪರ್ ಬ್ಲ್ಯಾಕ್ ಅಕ್ಷರ ಆರಿಸಿದ್ದೇವೆ. ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ. ಕಸೂತಿ ಯಂತ್ರದಿಂದ ಬಂದಾಗ ಇಂಗ್ಲಿಷಿನ ಸಣ್ಣ 'ಇ', 'ಎ' ಮುಚ್ಚಿಹೋಗಿರುತ್ತವೆ. ಅಕ್ಷರವನ್ನೇ ಬದಲಿಸಬೇಕೇ?
(ಬಳ್ಳಾರಿಯ ಓದುಗರು)

ಉತ್ತರ: ಬದಲಿಸಬೇಡಿ. ಆಯ್ಕೆ ಸರಿಯಾಗಿದೆ, ಅಳತೆ ತಪ್ಪಿದೆ. ಶಿಕಾಗೋದ ಆಸ್ವಾಲ್ಡ್ ಕೂಪರ್ ಬರೆದ ಈ ಅಕ್ಷರವನ್ನು ಅಲ್ಲಿನ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಅಚ್ಚುಮೊಳೆ ಕಾರ್ಖಾನೆ 1922ರಲ್ಲಿ ಹೊರತಂದಿತು. ಜಾಹೀರಾತಿನ ದೊಡ್ಡ ತಲೆಬರಹವೇ ಇದರ ಕೆಲಸ. ಗೆರೆಯ ತುದಿಯ ಪಾದಗಳು, ಅಂದರೆ ಸೆರಿಫ್‌ಗಳು, ಇಲ್ಲಿ ನೀರಲ್ಲಿ ಸವೆದ ಕಲ್ಲಿನಂತೆ ಉರುಟಾಗಿವೆ. ದಾರಕ್ಕೆ ಚೂಪು ಮೂಲೆ ಹೊಲಿಯಲು ಹೇಗೂ ಬರುವುದಿಲ್ಲ, ಹಾಗಾಗಿ ಕಸೂತಿಗೆ ಇದು ಒಗ್ಗುತ್ತದೆ.

ತೊಂದರೆ ಇರುವುದು ಅಕ್ಷರದ ಕಣ್ಣಿನಲ್ಲಿ, ಅಂದರೆ ಗೆರೆಯೊಳಗಿನ ಖಾಲಿ ಜಾಗದಲ್ಲಿ. ಕಪ್ಪು ಭಾಗವೇ ಹೆಚ್ಚಾದ್ದರಿಂದ 'ಇ'ಯ ಕಣ್ಣು ಬರೀ ಸೀಳಿನಷ್ಟಿದೆ. ಹೊಲಿಗೆ ಬಟ್ಟೆಯನ್ನು ಎಳೆಯುತ್ತದೆಂದು ಡಿಜಿಟೈಸ್ ಮಾಡುವವರು, ಅಂದರೆ ಚಿತ್ರವನ್ನು ಯಂತ್ರದ ಹೊಲಿಗೆಗೆ ಇಳಿಸುವವರು, ಗೆರೆಯನ್ನು ಇನ್ನಷ್ಟು ದಪ್ಪ ಮಾಡುತ್ತಾರೆ, ಅಲ್ಲಿಗೆ ಕಣ್ಣು ಮುಚ್ಚಿತು. ಅಕ್ಷರವನ್ನು ಕರ್ವ್, ಅಂದರೆ ಗೆರೆಚಿತ್ರ, ಮಾಡಿ, ನಿಜವಾದ ಅಳತೆಯಲ್ಲಿ ಕಣ್ಣಿನ ಎತ್ತರ ನೋಡಿ. 1 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಕ್ಷರವನ್ನು ದೊಡ್ಡದು ಮಾಡಿ, ಇಲ್ಲವೇ ನೋಡ್ (ಅಂಚಿನ ಮೇಲಿನ ಚುಕ್ಕೆ) ಎಳೆದು ಕಣ್ಣನ್ನಷ್ಟೇ ಅಗಲಿಸಿ. 40ರ ದಾರದ ಬದಲು 60ರ ತೆಳು ದಾರ, 65/9ರ ಸೂಜಿ ಬಳಸಿ. ಅಷ್ಟು ತೆಳು ಸೂಜಿ ಡೆನಿಮ್ಮಿನ ಮೇಲೆ ಬಾಗುತ್ತದೆ, ಆದ್ದರಿಂದ ಬೇರೆ ಲೇಬಲ್ ಬಟ್ಟೆಗೆ ಹೊಲಿದು ಆಮೇಲೆ ಪ್ಯಾಂಟಿಗೆ ಕೂಡಿಸಿ. ಹಿಂದಿನ ಜೇಬಿಗೆ ದೊಡ್ಡದಾಗಿ ಹಾಕುವಾಗ ಉಲ್ಟಾ ಸಮಸ್ಯೆ: ಗೆರೆ 7 ಮಿಲಿಮೀಟರ್ ದಾಟಿದರೆ ಅಂಚಿನಿಂದ ಅಂಚಿಗೆ ಹಾಯುವ ಸ್ಯಾಟಿನ್ ಹೊಲಿಗೆಯ ದಾರ ಸಡಿಲಾಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಚಿಕ್ಕ ಹೊಲಿಗೆಗಳ ಸಾಲಿನಿಂದ ತುಂಬುವ ತಟಾಮಿ ಫಿಲ್ ಹಾಕಿಸಿ. ಇನ್ನೊಂದು: ಇಷ್ಟು ದಪ್ಪದ ಅಕ್ಷರಕ್ಕೆ ಮತ್ತೆ 'ಬೋಲ್ಡ್' ಒತ್ತುವವರೂ ಇದ್ದಾರೆ. ದಯವಿಟ್ಟು ಬೇಡ.

ಪ್ರಶ್ನೆ: ಸೋನಾ ಮಸೂರಿ ಅಕ್ಕಿ ಚೀಲದ ಮೇಲೆ ಕೂಪರ್ ಬ್ಲ್ಯಾಕ್ ಥರದ ಕನ್ನಡ ಅಕ್ಷರ ಬೇಕು. ಯಾವುದಿದೆ?
(ರಾಯಚೂರಿನ ಓದುಗರು)

ಉತ್ತರ: ಕನ್ನಡದ ಲಿಪಿಗೆ ಸೆರಿಫ್ ಇಲ್ಲ. ತಲೆಕಟ್ಟಿಗೆ ಪಾದ ಅಂಟಿಸಿದರೆ ವೇಷವಾಗುತ್ತದೆಯೇ ಹೊರತು ಅಕ್ಷರವಾಗುವುದಿಲ್ಲ. ಬೇಕಾದದ್ದು ಮೆತ್ತಗಿನ ದಪ್ಪ. ಅದಕ್ಕೆ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸ ಸಂಸ್ಥೆಯವರ 'ಬಾಲೂ ತಮ್ಮ 2' ಇದೆ, ಯೂನಿಕೋಡ್, ಉಚಿತ. ಅದರಲ್ಲಿ ತೀರಾ ದಪ್ಪದ ತೂಕ (ಗೆರೆಯ ದಪ್ಪದ ಮಟ್ಟ) ಬಿಟ್ಟು ಒಂದು ಮೆಟ್ಟಿಲು ಕೆಳಗಿನದು ತೆಗೆದುಕೊಳ್ಳಿ. ನೇಯ್ದ ಪ್ಲಾಸ್ಟಿಕ್ ಚೀಲದಲ್ಲಿ ಇಂಕು ಎಳೆಗುಂಟ ಹರಿಯುತ್ತದೆ, 'ಮ', 'ಸ'ಗಳ ಒಳಜಾಗ ಮೊದಲು ತುಂಬುತ್ತದೆ. ಅಲ್ಲಿ 3 ಮಿಲಿಮೀಟರ್ ಆದರೂ ಬಿಳಿ ಉಳಿಯಲಿ. ಪಕ್ಕದ ಇಂಗ್ಲಿಷ್ ಹೆಸರಿಗೆ ಪಾಯಿಂಟ್ ಸೈಜ್ ಹೊಂದಿಸಬೇಡಿ, ಗೆರೆಯ ದಪ್ಪ ಹೊಂದಿಸಿ.

ಹಳೆಯ ಕೋರೆಲ್ ವಿನ್ಯಾಸ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ 'ಕ್ಕಿ'ಯ ಒತ್ತು ಕಳಚಿ ಪಕ್ಕಕ್ಕೆ ಬೀಳಬಹುದು. ಇಂಕ್‌ಸ್ಕೇಪ್ ಎಂಬ ಇನ್ನೊಂದು ವಿನ್ಯಾಸ ತಂತ್ರಾಂಶದಲ್ಲಿ ಟೈಪ್ ಮಾಡಿ, ಪಾತ್ ಮೆನುವಿನ 'ಆಬ್ಜೆಕ್ಟ್ ಟು ಪಾತ್' ಒತ್ತಿ, ಪಿಡಿಎಫ್ ಮಾಡಿ ಕೊಡಿ. ಎರಡು ಸಾಲು ಬಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗದಂತೆ ಅಂತರ ಬಿಡಿ. ಅಚ್ಚಿನ ಸ್ಕ್ರೀನ್ ಮಾಡಿಸಿದ ಮೇಲೆ ಮೊದಲ ಚೀಲ ಒಣಗುವವರೆಗೆ ಕಾದು ನೋಡಿ, ಹಸಿಯಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ.

ಪ್ರಶ್ನೆ: ಮದುವೆ ಪತ್ರಿಕೆ ಪೂರ್ತಿ ಕೂಪರ್ ಬ್ಲ್ಯಾಕ್‌ನಲ್ಲೇ ಹಾಕಬಹುದೇ?
(ಕೊಪ್ಪಳದ ಓದುಗರು)

ಉತ್ತರ: ವಧೂವರರ ಹೆಸರಿಗೆ ಹಾಕಿ. ಮುಹೂರ್ತದ ಸಾಲಿಗೆ ಬೇಡ. 8 ಪಾಯಿಂಟಿನಲ್ಲಿ ಇದರ 6, 8, 9 ಒಂದೇ ಥರದ ಉಂಡೆಗಳಾಗಿ ಕಾಣುತ್ತವೆ. ಬೀಗರು ಊಟದ ಹೊತ್ತಿಗೆ ಬಂದಾರು.