ಏಳರಿಂದ ಒಂಬತ್ತಕ್ಕೆ: ಮಗಳಿಗೆ ಚೆಂಡೇ ಸಿಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ಈಗ ಹನ್ನೊಂದು ನಡೆಯುತ್ತಿದೆ. ಏಳು ಜನರ ಸಾಕರ್ ತಂಡದಲ್ಲಿದ್ದಾಗ ಪ್ರತಿ ಮ್ಯಾಚ್‌ನಲ್ಲೂ ಗೋಲು ಹೊಡೆಯುತ್ತಿದ್ದಳು. ಈ ಸೀಸನ್ ಒಂಬತ್ತು ಜನರ ಆಟ. ಚೆಂಡೇ ಸಿಗಲ್ಲ ಅಂತ ಅಳುತ್ತಾಳೆ. ಊರಿಂದ ಬಂದಿರುವ ನಮ್ಮ ಮಾವನವರು, ‘ಹುಡುಗಿಯರು ಅಂತ ಆಟ ಚಿಕ್ಕದು ಮಾಡಿದ್ದಾರೆ, ಮೊದಲಿಂದಲೇ ಹನ್ನೊಂದು ಜನ ಆಡಿಸಿದ್ದರೆ ಸರಿಯಾಗಿ ಕಲಿಯುತ್ತಿದ್ದಳು’ ಎನ್ನುತ್ತಾರೆ. ನಿಜವಾ?

ಉತ್ತರ: ಮೊದಲು ಮಾವನವರ ಮಾತು. ಹುಡುಗಿಯರು ಅಂತ ಮಾಡಿದ್ದಲ್ಲ, ಹುಡುಗರಿಗೂ ಇದೇ ಲೆಕ್ಕ. ಅಮೆರಿಕದ ಸಾಕರ್ ಫೆಡರೇಶನ್ 2017ರಿಂದ ಇದನ್ನು ಕಡ್ಡಾಯ ಮಾಡಿತು. 8 ವರ್ಷದೊಳಗಿನವರಿಗೆ ತಂಡಕ್ಕೆ ನಾಲ್ವರು, 10ರೊಳಗೆ ಏಳು, 12ರೊಳಗೆ ಒಂಬತ್ತು, ಆಮೇಲೆ ಹನ್ನೊಂದು. ಹೆಂಗಸರು ಅಂತ ಆಟ ಮೊಟಕು ಮಾಡಿದ ಕಾಲವೂ ಇತ್ತು ನಿಜ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಪಂದ್ಯಗಳು 90 ನಿಮಿಷದ್ದಲ್ಲ, 80 ನಿಮಿಷದ್ದು. ಈ ನಿಯಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೊದಲಿಂದಲೇ ದೊಡ್ಡ ಮೈದಾನದಲ್ಲಿ ಆಡಿಸಿದ್ದರೆ? 110 ಗಜ ಉದ್ದ, 70 ಗಜ ಅಗಲದ ಮೈದಾನದಲ್ಲಿ 22 ಜನ ಅಂದರೆ ಒಬ್ಬೊಬ್ಬರ ಪಾಲಿಗೆ 350 ಚದರ ಗಜ. ಹತ್ತು ವರ್ಷದ ಮಗು ಅಷ್ಟು ಜಾಗದಲ್ಲಿ ಓಡಿ ಸುಸ್ತಾಗುತ್ತದೆ, ಆಡುವುದಿಲ್ಲ. ಜೋರಾಗಿ ಒದೆಯುವ ಇಬ್ಬರು ಮೂವರದ್ದೇ ಆಟ, ಮಿಕ್ಕವರು ನಿಂತು ನೋಡುತ್ತಾರೆ. ಇನ್ನು ಗೋಲು 24 ಅಡಿ ಅಗಲ, 8 ಅಡಿ ಎತ್ತರ. ನಾಲ್ಕೂವರೆ ಅಡಿಯ ಗೋಲ್‌ಕೀಪರ್ ತಲೆ ಮೇಲಿಂದ ಯಾರು ಬೇಕಾದರೂ ಹೊಡೆಯಬಹುದು. ಹಾಗೆ ಗೆದ್ದ ಮಗು ಎತ್ತಿ ಹೊಡೆಯುವುದನ್ನು ಬಿಟ್ಟು ಏನು ಕಲಿತೀತು?

ಈಗ ನಿಮ್ಮ ಮಗಳ ವಿಷಯ. ಏಳು ಜನರ ಆಟಕ್ಕೆ ಹೆಚ್ಚೆಂದರೆ 65 ಗಜ ಉದ್ದ, 45 ಗಜ ಅಗಲದ ಮೈದಾನ. ಒಂಬತ್ತಕ್ಕೆ ಹೆಚ್ಚೆಂದರೆ 80, 55. ಲೆಕ್ಕ ಹಾಕಿದರೆ ಒಬ್ಬರ ಪಾಲಿಗೆ ಬರುವ ಜಾಗ ಸುಮಾರು 210 ಚದರ ಗಜದಿಂದ 245ಕ್ಕೆ ಏರುತ್ತದೆ, ಅಷ್ಟೇ. ಅಂದರೆ ಅವಳಿಗೆ ಕಷ್ಟವಾಗಿರುವುದು ಜಾಗ ಜಾಸ್ತಿಯಾಗಿದ್ದಕ್ಕಲ್ಲ. ಮೊದಲು ಒಬ್ಬಳನ್ನು ದಾಟಿದರೆ ಮುಂದೆ ಗೋಲೇ ಕಾಣುತ್ತಿತ್ತು. ಈಗ ಆ ಎದುರಾಳಿಯ ಹಿಂದೆ ಇನ್ನೊಬ್ಬಳು ಕಾಯುತ್ತಿರುತ್ತಾಳೆ. ಆಫ್‌ಸೈಡ್ ಅಂದರೆ ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವಳಿಗಿಂತಲೂ ಮುಂದೆ ನಿಂತು ಪಾಸ್ ಪಡೆಯುವ ತಪ್ಪು. ಏಳು ಜನರ ಆಟದಲ್ಲಿ ಅದರ ಲೆಕ್ಕ ಶುರುವಾಗುವುದು ಎದುರಾಳಿಗಳ ಗೋಲಿಗೆ ಹತ್ತಿರದ ಬಿಲ್ಡ್‌ಔಟ್ ಗೆರೆಯಿಂದ, ಅಂದರೆ ಮಧ್ಯದ ಗೆರೆಗೂ ಗೋಲಿಗೂ ನಡುವೆ ಅಡ್ಡಕ್ಕೆ ಎಳೆದ ಗೆರೆಯಿಂದ. ಈಗ ಮಧ್ಯದ ಗೆರೆ ದಾಟಿದರೆ ಸಾಕು, ಆ ಲೆಕ್ಕ ಶುರು. ಮುಂದೆ ಹೋಗಿ ಕಾದು ನಿಲ್ಲುವ ಹಾಗಿಲ್ಲ. ತಂಡದಲ್ಲಿ ಇಬ್ಬರು ಜಾಸ್ತಿಯಾದ ಮೇಲೆ ಪ್ರತಿಯೊಬ್ಬಳ ಕಾಲಿಗೆ ಚೆಂಡು ಬರುವುದೂ ಕಮ್ಮಿ.

ಇನ್ನೊಂದು ಕಾರಣ ಅವಳ ಮೈಯಲ್ಲೇ ಇದೆ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಉದ್ದವಾಗುತ್ತಾರೆ. ಹೆಚ್ಚಿನವರಿಗೆ ಅದು ಹನ್ನೊಂದು, ಹನ್ನೆರಡರ ಹೊತ್ತಿಗೆ, ಅಂದರೆ ಸರಿಯಾಗಿ ಒಂಬತ್ತು ಜನರ ಆಟದ ವರ್ಷಗಳಲ್ಲಿ. ಕಾಲು ಉದ್ದವಾದಾಗ ಕೆಲವರಿಗೆ ಸ್ವಲ್ಪ ದಿನ ಚೆಂಡು ಹಿಡಿತಕ್ಕೆ ಬರುವುದಿಲ್ಲ. ಒಂದೇ ತಂಡದಲ್ಲಿ ಒಬ್ಬಳು ಇನ್ನೊಬ್ಬಳಿಗಿಂತ ಒಂದು ತಲೆ ಎತ್ತರ ಇರುತ್ತಾಳೆ. ಆಗ ಕೆಲವು ಕೋಚ್‌ಗಳು ಎತ್ತರದವಳನ್ನು ಹಿಂದೆ, ವೇಗದವಳನ್ನು ಮುಂದೆ ನಿಲ್ಲಿಸಿ ಅಲ್ಲೇ ಬಿಟ್ಟುಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷದಲ್ಲಿ ಎತ್ತರದ ಲೆಕ್ಕ ತಿರುಗಿಬೀಳುತ್ತದೆ, ಆದರೆ ಅಷ್ಟರೊಳಗೆ ಆ ಹುಡುಗಿಗೆ ಬೇರೆ ಜಾಗದ ಆಟವೇ ಗೊತ್ತಿರುವುದಿಲ್ಲ.

ಕೋಚ್ ಹತ್ತಿರ ಮಾತಾಡಿ. ಗೋಲಿನ ವಿಷಯ ಬೇಡ. ಕೆಲವು ಮ್ಯಾಚ್‌ಗಳಲ್ಲಿ ಅವಳನ್ನು ನಡುವೆ, ಕೆಲವದರಲ್ಲಿ ಪಕ್ಕದಲ್ಲಿ ಆಡಿಸಲು ಕೇಳಿ. ಅಭ್ಯಾಸದಲ್ಲಿ ಮೂವರು ಮೂವರ, ನಾಲ್ವರು ನಾಲ್ವರ ಆಟ ಈಗಲೂ ಇದೆಯಾ ಅಂತಲೂ ಕೇಳಿ. ಮ್ಯಾಚ್‌ನಲ್ಲಿ ಕಮ್ಮಿಯಾದ ಚೆಂಡು ಅಲ್ಲಿ ಸಿಗಬೇಕು. ನೀವು ಬದಿಯಲ್ಲಿ ಕೂತಾಗ ಒಂದನ್ನು ಮಾತ್ರ ಗಮನಿಸಿ: ಚೆಂಡು ಬರುವ ಮುಂಚೆ ಅವಳು ಕತ್ತು ತಿರುಗಿಸಿ ಹಿಂದೆ ನೋಡುತ್ತಾಳಾ? ನೋಡುತ್ತಿದ್ದರೆ ಅವಳು ಕಲಿಯುತ್ತಿದ್ದಾಳೆ, ಗೋಲು ಬರದಿದ್ದರೂ. ಮನೆಗೆ ಬಂದ ಮೇಲೆ ಹೊಗಳುವುದಾದರೆ ಅದನ್ನೇ ಹೊಗಳಿ.

ಪ್ರಶ್ನೆ: ಟೆಕ್ಸಾಸ್‌ನಿಂದ ಬರೆಯುತ್ತಿದ್ದೇನೆ. ಒಂಬತ್ತು ವರ್ಷದ ಮಗಳು ಗೋಲ್‌ಕೀಪರ್. ಕೋಚ್ ಯಾವಾಗಲೂ ಪಕ್ಕದವರಿಗೇ ಪಾಸ್ ಕೊಡಿಸುತ್ತಾರೆ, ಚೆಂಡು ಕಳೆದುಕೊಂಡು ಗೋಲು ಬಿಟ್ಟುಕೊಡುತ್ತಾರೆ. ಸುಮ್ನೆ ದೂರ ಒದೆಯಬಾರದಾ?

ಉತ್ತರ: ಕೈಯಲ್ಲಿರುವ ಚೆಂಡನ್ನು ಹಾಗೆ ಒದೆಯಲು ಈ ವಯಸ್ಸಿನ ಆಟದಲ್ಲಿ ಅವಕಾಶವಿಲ್ಲ. ಕೀಪರ್ ಚೆಂಡು ಹಿಡಿದ ಕೂಡಲೇ ಎದುರಾಳಿಗಳು ಬಿಲ್ಡ್‌ಔಟ್ ಗೆರೆಯ ಆಚೆ ಹೋಗಬೇಕು. ಹಿಂದಿನ ಹುಡುಗಿಯರು ಹೆದರದೆ ಚೆಂಡು ತೆಗೆದುಕೊಳ್ಳಲಿ ಅಂತಲೇ ಈ ಏರ್ಪಾಡು. ಕೆಲವು ಗೋಲು ಹೋಗುತ್ತವೆ, ಹೋಗಲಿ ಬಿಡಿ. ನಿಮ್ಮ ಕೋಚ್ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ, ಅವರ ಜೊತೆ ನಿಲ್ಲಿ. ಮಗಳಿಗೆ ಎರಡು ಮಾತು ಹೇಳಿಕೊಡಿ. ಡಿಫೆಂಡರ್‌ಗಳು, ಅಂದರೆ ಅವಳ ಮುಂದೆ ನಿಂತು ಗೋಲು ಕಾಯುವವರು, ಇಬ್ಬರೂ ಮೈದಾನದ ಅಂಚಿನ ತನಕ ಅಗಲಕ್ಕೆ ಹೋಗುವಂತೆ ಕೂಗಿ ಹೇಳಬೇಕು. ಜೊತೆಯವಳು ಖಾಲಿ ಇದ್ದರೆ, ಎದುರಾಳಿಗಳೆಲ್ಲ ಹಿಂದೆ ಸರಿಯುವವರೆಗೂ ಕಾಯದೆ ಕೂಡಲೇ ಚೆಂಡು ಉರುಳಿಸಬಹುದು. ನಿಯಮ ಅದಕ್ಕೆ ಅಡ್ಡಿ ಮಾಡುವುದಿಲ್ಲ.